ಐಸ್‌ಕ್ರೀಮಿನ ತೆರಿಗೆ ಇಳಿಯಿತು, ದಾರಿಯ ತಂಪಿಗೆ ಹೊಣೆ ಯಾರು?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಾಗ ಫ್ರಿಜ್ಜಿನಲ್ಲಿಡುವ ತಿನಿಸುಗಳಿಗೆ ಒಳ್ಳೆಯ ಕಾಲ ಬಂತೆಂದು ಬಹಳ ಜನ ಅಂದುಕೊಂಡರು. ಐಸ್‌ಕ್ರೀಮ್ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಬೆಣ್ಣೆ, ತುಪ್ಪ, ಚೀಸ್ ಶೇ 12ರಿಂದ ಶೇ 5ಕ್ಕೆ ಬಂದವು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಪನೀರಿಗೆ ತೆರಿಗೆಯೇ ಇಲ್ಲವಾಯಿತು. ಪರೋಟದ ಜಗಳವೂ ಮುಗಿಯಿತು. 2020ರಲ್ಲಿ ಜಿಎಸ್‌ಟಿಯ ಗೊಂದಲ ಬಿಡಿಸುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಪರೋಟವನ್ನು ರೊಟ್ಟಿಯ ಸಾಲಿಗೆ ಸೇರಿಸಲಾಗದು, ಅದಕ್ಕೆ ಶೇ 18 ಕೊಡಬೇಕು ಎಂದಿತ್ತು. ಈಗ ರೊಟ್ಟಿ, ಪರೋಟ ಎರಡೂ ತೆರಿಗೆಯಿಂದ ಹೊರಗೆ.

ಇದಕ್ಕೆ ಕೆಲವೇ ತಿಂಗಳ ಹಿಂದೆ, 2025ರ ಜೂನ್ ಆರಂಭದಲ್ಲಿ, ಇನ್ನೊಂದು ಸುದ್ದಿ ಬಂದಿತ್ತು. ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು ಆನ್‌ಲೈನ್ ಆರ್ಡರನ್ನು ನಿಮಿಷಗಳಲ್ಲಿ ಮನೆಗೆ ತಲುಪಿಸುವ ಝೆಪ್ಟೊ ಕಂಪನಿಗೆ ಮುಂಬೈಯ ಧಾರಾವಿಯಲ್ಲಿದ್ದ ಗೋದಾಮಿನ ಆಹಾರ ಪರವಾನಗಿಯನ್ನು ಅಮಾನತು ಮಾಡಿತು. ಕೊಟ್ಟ ಕಾರಣಗಳಲ್ಲಿ ಬೂಷ್ಟು ಹಿಡಿದ ಪದಾರ್ಥಗಳ ಜೊತೆಗೆ, ಶೀತಲ ಸಂಗ್ರಹದ ಉಷ್ಣತೆ ನಿಯಮದಂತೆ ಇರಲಿಲ್ಲ ಎಂಬುದೂ ಇತ್ತು. ಅದಕ್ಕೂ ಮುಂಚೆ, 2024ರ ನವೆಂಬರ್‌ನಲ್ಲಿ, ಆನ್‌ಲೈನ್‌ನಲ್ಲಿ ಮಾರುವ ಆಹಾರ ಮನೆಗೆ ತಲುಪುವಾಗ ಅದರ ಬಾಳಿಕೆಯಲ್ಲಿ ಕನಿಷ್ಠ ಶೇ 30 ಅಥವಾ 45 ದಿನ ಉಳಿದಿರಬೇಕು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೇಳಿತ್ತು.

ಮೂರೂ ಸುದ್ದಿ ಓದಿದವರಿಗೆ ಕೆಲವು ಪ್ರಶ್ನೆ ಉಳಿಯುತ್ತವೆ. ತೆರಿಗೆ ಇಳಿದರೂ ಬೇರೆ ಊರಿನಿಂದ ತರಿಸಿಕೊಳ್ಳುವ ಪನೀರು, ಮೀನು ಯಾಕೆ ಅಷ್ಟೊಂದು ದುಬಾರಿ? ಗೋದಾಮಿನ ತಂಪು ಕೆಟ್ಟರೆ ಪರವಾನಗಿ ಹೋಗುತ್ತದೆ, ಹಾಗಾದರೆ ದಾರಿಯಲ್ಲಿ ತಂಪು ಕೆಟ್ಟರೆ? ಎರಡು ದಿನ ಬಾಳುವ ಹಾಲಿಗೆ 45 ದಿನದ ಲೆಕ್ಕ ಎಲ್ಲಿಂದ ಬಂತು? ಇವಕ್ಕೆ ಉತ್ತರ ಬೇಕಾದರೆ ತಯಾರಕರ ಫ್ರೀಜರಿನಿಂದ ಮನೆಯ ಫ್ರಿಜ್ಜಿನವರೆಗೆ ಒಂದು ಪೆಟ್ಟಿಗೆ ಹೇಗೆ ಬರುತ್ತದೆ ಎಂದು ನೋಡಬೇಕು. ಹಾಗೆ ನೋಡಿದರೆ ಎದ್ದು ಕಾಣುವುದು ಇದು: ಕೋಣೆಯ ತಂಪನ್ನು ಅಳೆಯಲು ಅಧಿಕಾರಿಗಳಿದ್ದಾರೆ, ಮಾಮೂಲಿ ಕೊರಿಯರಿನಲ್ಲಿ ಹೋಗುವ ಪೆಟ್ಟಿಗೆಯ ತಂಪನ್ನು ಯಾರೂ ಅಳೆಯುತ್ತಿಲ್ಲ.

ಪದಾರ್ಥಕ್ಕೆ ಸೊನ್ನೆ, ತಂಪಿಗೆ ಹದಿನೆಂಟು

ಮೊದಲು ತೆರಿಗೆ. ಪನೀರಿಗೆ ಜಿಎಸ್‌ಟಿ ಇಲ್ಲ. ಆದರೆ ಅದನ್ನು ಹಾಕಿ ಕಳಿಸುವ ಥರ್ಮೋಕೋಲ್ ಪೆಟ್ಟಿಗೆಗೆ ಶೇ 18, ಕೊರಿಯರ್ ಸೇವೆಗೆ ಶೇ 18. ಹೊರಗಿನ ರಟ್ಟಿನ ಡಬ್ಬ ಮಾತ್ರ ಈ ಸಲ ಶೇ 12ರಿಂದ 5ಕ್ಕೆ ಇಳಿದಿದೆ.

ಮಾಮೂಲಿಯಾಗಿ ವ್ಯಾಪಾರಿ ತಾನು ಕಟ್ಟಿದ ಇಂಥ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾನೆ. ಮಾರುವ ವಸ್ತುವಿಗೆ ತೆರಿಗೆ ಇಲ್ಲದಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ. ವಿನಾಯಿತಿ ಇರುವ ಸರಕಿಗೆ ಹೂಡುವಳಿ ತೆರಿಗೆಯ ಜಮಾ ಸಿಗುವುದಿಲ್ಲ. ಹೀಗಾಗಿ ಪೆಟ್ಟಿಗೆ ಮತ್ತು ಕೊರಿಯರಿನ ಶೇ 18 ಪೂರ್ತಿಯಾಗಿ ಮಾರುವವರ ಖರ್ಚಾಗಿ ಉಳಿದು, ಕೊನೆಗೆ ಬೆಲೆಯೊಳಗೆ ಸೇರುತ್ತದೆ. ಊರಿನ ಅಂಗಡಿಯಲ್ಲಿ ಪನೀರು ಕೊಳ್ಳುವವರಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಸಾಗಣೆಯ ಪಾಲು ಕಡಿಮೆ. ಒಂದೊಂದೇ ಪೆಟ್ಟಿಗೆಯನ್ನು ಊರಿಂದೂರಿಗೆ ಕಳಿಸುವ ಸಣ್ಣ ಮಾರಾಟಗಾರರಲ್ಲಿ ಹಲವು ಸಲ ಪದಾರ್ಥಕ್ಕಿಂತ ಸಾಗಣೆಯೇ ದೊಡ್ಡ ಖರ್ಚು. ತೆರಿಗೆ ಇಳಿಕೆಯ ಫಲ ಇವರ ಗಿರಾಕಿಗಳಿಗೆ ಪೂರ್ತಿ ಸಿಗದಿರುವುದಕ್ಕೆ ಲಾಭಕೋರತನವೇ ಕಾರಣ ಎಂದು ತೀರ್ಮಾನಿಸುವುದು ಆತುರವಾಗುತ್ತದೆ.

ಐದು ಮತ್ತು ಮೈನಸ್ ಹದಿನೆಂಟು

ಶೀತಲ ಆಹಾರ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ವ್ಯಾಪಾರಗಳಿವೆ. ಹಾಲು, ಪನೀರು, ತಾಜಾ ಮೀನು, ದೋಸೆ ಹಿಟ್ಟು ಇವನ್ನು 5 ಡಿಗ್ರಿ ಸೆಲ್ಸಿಯಸ್‌ನೊಳಗೆ ಇಡಬೇಕು. ಐಸ್‌ಕ್ರೀಮ್, ಫ್ರೋಜನ್ ಬಟಾಣಿ, ಹೆಪ್ಪುಗಟ್ಟಿಸಿದ ಮಾಂಸ ಇವನ್ನು ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ. ಮೊದಲನೆಯದಕ್ಕೆ ಐಸು ಸಾಕು. ಎರಡನೆಯದಕ್ಕೆ ಐಸು ಸಾಕಾಗುವುದಿಲ್ಲ.

ಕಾರಣ ಸರಳ. ನೀರಿನ ಐಸು 0 ಡಿಗ್ರಿಯಲ್ಲಿ ಕರಗುತ್ತದೆ. ಕರಗುತ್ತಿರುವಷ್ಟು ಹೊತ್ತು ಸುತ್ತಲಿನದನ್ನು 0 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ಅದಕ್ಕಿಂತ ಕೆಳಗೆ ಇಳಿಸಲಾರದು. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಜೆಲ್ ಪ್ಯಾಕಿನೊಳಗಿರುವುದೂ ಬಹುಪಾಲು ನೀರೇ. ಸೋರದಿರಲೆಂದು ಗಟ್ಟಿ ಮಾಡಿರುತ್ತಾರೆ ಅಷ್ಟೆ. ಮೈನಸ್ 18ರ ಐಸ್‌ಕ್ರೀಮಿನ ಸುತ್ತ ಇಂಥ ಹತ್ತು ಪ್ಯಾಕ್ ಜೋಡಿಸಿದರೂ ಐಸ್‌ಕ್ರೀಮು ನಿಧಾನವಾಗಿ 0ಯ ಕಡೆಗೇ ಏರುತ್ತದೆ. ಮೈನಸ್ 10ರ ಹೊತ್ತಿಗೇ ಅದು ಮೆತ್ತಗಾಗಿರುತ್ತದೆ.

ಹಾಗಾದರೆ ಇನ್ನೂ ತಣ್ಣನೆಯ ಪ್ಯಾಕ್ ಇಲ್ಲವೇ? ಇದೆ. ಕುಲ್ಫಿ ಮಾಡುವವರು ಐಸಿಗೆ ಕಲ್ಲುಪ್ಪು ಬೆರೆಸುವುದು ಎಲ್ಲರಿಗೂ ಗೊತ್ತು. ನೂರರಲ್ಲಿ 23 ಪಾಲು ಉಪ್ಪಿರುವ ನೀರು ಕರಗುವುದು ಸುಮಾರು ಮೈನಸ್ 21ರಲ್ಲಿ. ಇದೇ ತತ್ವದ ಪ್ಯಾಕ್‌ಗಳು ಮಾರಾಟಕ್ಕಿವೆ. ಹೊಸಬರು ಸೋಲುವುದು ಇಲ್ಲಿಯೇ: ಮೈನಸ್ 21ರಲ್ಲಿ ಕರಗುವ ಪ್ಯಾಕ್ ಹೆಪ್ಪುಗಟ್ಟಬೇಕಾದರೆ ಅದಕ್ಕಿಂತ ತಣ್ಣನೆಯ ಫ್ರೀಜರ್ ಬೇಕು. ಮೈನಸ್ 18ಕ್ಕೆ ನಿಲ್ಲುವ ಮನೆಯ ಫ್ರೀಜರಿನಲ್ಲಿ ವಾರವಿಟ್ಟರೂ ಅದು ಹೆಪ್ಪುಗಟ್ಟುವುದಿಲ್ಲ. ಮುಟ್ಟಿದರೆ ಕೈ ಕೊರೆಯುತ್ತದೆ, ಆದರೆ ಕರಗುವಾಗ ಹೀರಿಕೊಳ್ಳಬೇಕಾದ ಶಾಖದ ಶಕ್ತಿ ಅದರಲ್ಲಿ ಇರುವುದೇ ಇಲ್ಲ. ದುಡ್ಡು ಕೊಟ್ಟು ತಂದ ಪ್ಯಾಕ್ ಬರೀ ತಣ್ಣನೆಯ ಉಪ್ಪುನೀರಾಗಿ ಉಳಿಯುತ್ತದೆ.

ಒಂದು ಕೆ.ಜಿ. ಮೀನಿಗೆ ಎಷ್ಟು ಐಸು?

ಲೆಕ್ಕ ಹಾಕಿಯೇ ನೋಡಬಹುದು. ಹೊರಗಿನ ಅಳತೆ 30, 25, 20 ಸೆಂ.ಮೀ. ಇರುವ, ಗೋಡೆ ಎರಡೂವರೆ ಸೆಂ.ಮೀ. ದಪ್ಪದ ಥರ್ಮೋಕೋಲ್ ಪೆಟ್ಟಿಗೆ ಇದೆ ಎಂದುಕೊಳ್ಳಿ. ಹೊರಗೆ 30 ಡಿಗ್ರಿ, ಒಳಗೆ 0. ಥರ್ಮೋಕೋಲ್ ಶಾಖವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಇಷ್ಟು ಗೋಡೆಯ ಮೂಲಕ ಸುಮಾರು 12ರಿಂದ 15 ವಾಟ್‌ನಷ್ಟು ಶಾಖ ಎಡೆಬಿಡದೆ ಒಳಗೆ ಬರುತ್ತದೆ. ಪೆಟ್ಟಿಗೆಯೊಳಗೆ ಹಗಲು ರಾತ್ರಿ ಒಂದು ಸಣ್ಣ ಎಲ್‌ಇಡಿ ಬಲ್ಬು ಉರಿದ ಹಾಗೆ. 1 ಕೆ.ಜಿ. ಐಸು ಕರಗುವಾಗ 334 ಕಿಲೋಜೌಲ್ ಶಾಖ ಹೀರುತ್ತದೆ. ಅಂದರೆ 24 ಗಂಟೆಗೆ 3ರಿಂದ 4 ಕೆ.ಜಿ. ಐಸು ಬೇಕು, ಮೀನು 1 ಕೆ.ಜಿ. ಇದ್ದರೂ ಅಷ್ಟೆ, ಅರ್ಧ ಕೆ.ಜಿ. ಇದ್ದರೂ ಅಷ್ಟೆ.

ಗೋಡೆಯ ದಪ್ಪ ಹೆಚ್ಚಿಸಿದರೆ? ಒಳಗಿನ ಜಾಗ ಅಷ್ಟೇ ಉಳಿಸಿ ಗೋಡೆಯನ್ನು 5 ಸೆಂ.ಮೀ. ಮಾಡಿದರೆ ದಿನಕ್ಕೆ ಸುಮಾರು 2 ಕೆ.ಜಿ. ಐಸು ಸಾಕು. ಆದರೆ ಪೆಟ್ಟಿಗೆಯ ಹೊರಮೈ 35, 30, 25 ಸೆಂ.ಮೀ. ಆಗುತ್ತದೆ. ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಗಾತ್ರದ ತೂಕ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು ಹಾಕುತ್ತಾರೆ. ತೆಳು ಪೆಟ್ಟಿಗೆಯ ಗಾತ್ರದ ತೂಕ 3 ಕೆ.ಜಿ., ಆದರೆ ಐಸು ಸೇರಿ ನಿಜವಾದ ತೂಕ 5ರ ಹತ್ತಿರ. ದಪ್ಪ ಪೆಟ್ಟಿಗೆಯ ನಿಜವಾದ ತೂಕ ಮೂರೂವರೆ, ಆದರೆ ಗಾತ್ರದ ತೂಕ 5.25. ಹೇಗೆ ಕಟ್ಟಿದರೂ 1 ಕೆ.ಜಿ. ಮೀನು 5 ಕೆ.ಜಿ.ಯ ಬಾಡಿಗೆ ಕೊಟ್ಟೇ ಹೊರಡುತ್ತದೆ.

ಈ ಒಂದು ಲೆಕ್ಕದಿಂದ ಈ ವ್ಯಾಪಾರದ ಎಷ್ಟೋ ನಡೆಗಳು ಅರ್ಥವಾಗುತ್ತವೆ. ಕನಿಷ್ಠ ಇಷ್ಟು ಕೆ.ಜಿ. ಆರ್ಡರ್ ಮಾಡಲೇಬೇಕು ಎಂದು ಮಾರುವವರು ಯಾಕೆ ಹಟ ಹಿಡಿಯುತ್ತಾರೆ? ಒಂದು ಪೆಟ್ಟಿಗೆಯ ಐಸು ಮೂರು ಕೆ.ಜಿ. ಮೀನನ್ನೂ ಕಾಯುತ್ತದೆ, ಖರ್ಚು ಹಂಚಿಹೋಗುತ್ತದೆ. ಶುಕ್ರವಾರ, ಶನಿವಾರ ಯಾಕೆ ಕಳಿಸುವುದಿಲ್ಲ? ಭಾನುವಾರ ಪೆಟ್ಟಿಗೆ ಹಬ್ಬಿನಲ್ಲಿ, ಅಂದರೆ ಕೊರಿಯರಿನವರು ಪೆಟ್ಟಿಗೆಗಳನ್ನು ವಿಂಗಡಿಸುವ ಕೇಂದ್ರದಲ್ಲಿ, ಕೂತರೆ ಇನ್ನೊಂದು ದಿನದ ಐಸು ಬೇಕು. ಕಲಬುರಗಿ, ರಾಯಚೂರಿಗೆ ಬೇಸಿಗೆಯಲ್ಲಿ ಯಾಕೆ ಆರ್ಡರ್ ನಿಲ್ಲಿಸುತ್ತಾರೆ? ಹೊರಗಿನ ಬಿಸಿ 30ರಿಂದ 42ಕ್ಕೆ ಏರಿದರೆ ಅದೇ ಪೆಟ್ಟಿಗೆಯಲ್ಲಿ ಐಸು ಸುಮಾರು 1.4 ಪಟ್ಟು ಬೇಗ ಕರಗುತ್ತದೆ.

ಇನ್ನೊಂದು ಮಾತು. ಪೆಟ್ಟಿಗೆಗೆ ತಂಪು ಮಾಡುವ ಶಕ್ತಿಯಿಲ್ಲ, ಇದ್ದ ತಂಪನ್ನು ಕಾಯುವುದಷ್ಟೇ ಅದರ ಕೆಲಸ. 25 ಡಿಗ್ರಿಯಲ್ಲಿರುವ 1 ಕೆ.ಜಿ. ಮೀನನ್ನು 0ಗೆ ಇಳಿಸಲು ಕಾಲು ಕೆ.ಜಿ.ಗಿಂತ ಹೆಚ್ಚು ಐಸು ಪೆಟ್ಟಿಗೆ ಹೊರಡುವ ಮೊದಲೇ ಕರಗುತ್ತದೆ, ಅದೂ ಗಂಟೆಗಟ್ಟಲೆ ಹೊತ್ತು ತೆಗೆದುಕೊಂಡು. ಪದಾರ್ಥವನ್ನು ಮೊದಲೇ ಪೂರ್ತಿ ತಣ್ಣಗೆ ಮಾಡಿ ಆಮೇಲೆ ಕಟ್ಟಬೇಕು. ಒಳಗೆ ಖಾಲಿ ಜಾಗ ಬಿಡಬಾರದು. ಐಸನ್ನು ಕೆಳಗೆ ಮಾತ್ರ ಹಾಸದೆ ಮೇಲೂ ಇಡಬೇಕು, ತಣ್ಣನೆಯ ಗಾಳಿ ಕೆಳಗಿಳಿಯುತ್ತದೆಯಾದ್ದರಿಂದ.

ಡ್ರೈ ಐಸ್ ಇದೆಯಲ್ಲ?

ಫ್ರೋಜನ್ ಪದಾರ್ಥಕ್ಕೆ ಜಗತ್ತಿನೆಲ್ಲೆಡೆ ಬಳಸುವುದು ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್. ಅದರ ಉಷ್ಣತೆ ಮೈನಸ್ 78.5 ಡಿಗ್ರಿ. ನೀರಾಗದೆ ನೇರವಾಗಿ ಅನಿಲವಾಗುತ್ತದೆ, ಹಾಗಾಗಿ ಪೆಟ್ಟಿಗೆ ಒದ್ದೆಯಾಗುವುದಿಲ್ಲ. ಕೆ.ಜಿ.ಗೆ ಸುಮಾರು 570 ಕಿಲೋಜೌಲ್ ಶಾಖ ಹೀರುತ್ತದೆ, ನೀರಿನ ಐಸಿಗಿಂತ ಒಂದು ಮುಕ್ಕಾಲು ಪಟ್ಟು.

ತೊಡಕು ಅದೇ ಗುಣದಲ್ಲಿದೆ. 1 ಕೆ.ಜಿ. ಡ್ರೈ ಐಸ್ ಅನಿಲವಾದರೆ ಐನೂರು ಲೀಟರಿಗೂ ಹೆಚ್ಚು. ಗಾಳಿಯಾಡದಂತೆ ಟೇಪು ಸುತ್ತಿದರೆ ಪೆಟ್ಟಿಗೆ ಒಡೆಯುತ್ತದೆ. ಮುಚ್ಚಿದ ವ್ಯಾನಿನಲ್ಲಿ ತುಂಬಿಕೊಂಡರೆ ಚಾಲಕನಿಗೆ ಉಸಿರು ಕಟ್ಟುತ್ತದೆ. ವಿಮಾನ ಸಾಗಣೆಯಲ್ಲಿ ಇದು ಅಪಾಯಕಾರಿ ಸರಕುಗಳ 9ನೇ ವರ್ಗಕ್ಕೆ ಸೇರುತ್ತದೆ, ಯುಎನ್ 1845 ಎಂಬ ಗುರುತು, ಒಳಗಿರುವ ತೂಕ, ನಿಗದಿಯಾದ ಲೇಬಲ್ ಎಲ್ಲ ಬೇಕು. ಸಾಮಾನ್ಯ ಕೊರಿಯರ್ ಕೌಂಟರಿನಲ್ಲಿ ಇದನ್ನು ತೆಗೆದುಕೊಳ್ಳುವುದಿಲ್ಲ. ಹೇಳದೆ ಒಳಗಿಟ್ಟು ಕಳಿಸುವುದು ವಿಮಾನದಲ್ಲಿರುವವರ ಜೀವದ ಜೊತೆ ಆಡುವ ಆಟ.

ತೆರೆಯುವವರಿಗೂ ಅಪಾಯವಿದೆ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರದ ಮೌತ್ ಫ್ರೆಶ್‌ನರ್ ಎಂದು ಕೊಟ್ಟ ಡ್ರೈ ಐಸ್ ತಿಂದವರು ರಕ್ತ ಕಾರಿ ಆಸ್ಪತ್ರೆ ಸೇರಿದರು. ಮಕ್ಕಳಿರುವ ಮನೆಗೆ ಬರುವ ಪೆಟ್ಟಿಗೆಯ ಮೇಲೆ, ಆ ಮನೆಯವರು ಓದುವ ಭಾಷೆಯಲ್ಲಿ, ಎಚ್ಚರಿಕೆ ಇರಲೇಬೇಕು.

ಕೆಡುವ ಬಗೆ ಒಂದೇ ಅಲ್ಲ

ತಂಪು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ನಿಯಮ ಮಾಡುವವರೂ ಗ್ರಾಹಕರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಗೊಂದಲ ಹೆಚ್ಚುತ್ತದೆ.

ದೋಸೆ ಹಿಟ್ಟನ್ನು ನೋಡಿ. ಕೆಎಂಎಫ್ ಕೂಡ 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಂದಿನಿ ಹೆಸರಿನ ಇಡ್ಲಿ–ದೋಸೆ ಹಿಟ್ಟನ್ನು ಮಾರುಕಟ್ಟೆಗೆ ಬಿಟ್ಟಿತು. ಹಿಟ್ಟು ಹುಳಿ ಬರುತ್ತಲೇ ಇರುವ ಪದಾರ್ಥ. ತಂಪು ಆ ಕೆಲಸವನ್ನು ನಿಧಾನ ಮಾಡುತ್ತದೆ. ದಾರಿಯಲ್ಲಿ ಬಿಸಿಯಾದರೆ ಪೊಟ್ಟಣ ಉಬ್ಬುತ್ತದೆ, ಹುಳಿ ಮಿತಿಮೀರುತ್ತದೆ. ಕೆಟ್ಟದ್ದು ತಾನೇ ಸಾರಿ ಹೇಳುತ್ತದೆ. ಐಸ್‌ಕ್ರೀಮು ಕರಗಿ ಮತ್ತೆ ಗಟ್ಟಿಯಾದರೆ ನಾಲಿಗೆಗೆ ಐಸಿನ ಹರಳು ಸಿಗುತ್ತದೆ, ಅದೂ ಗೊತ್ತಾಗುತ್ತದೆ.

ಮೀನು ಹಾಗಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನುಗಳು ಐಸಿಲ್ಲದೆ ಕೆಲವು ಗಂಟೆ ಇದ್ದರೆ ಅವುಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ. ಮತ್ತೆ ಐಸಿನಲ್ಲಿಟ್ಟರೆ ಹಿಸ್ಟಮಿನ್ ಹೋಗುವುದಿಲ್ಲ. ಹುರಿದರೂ ಕುದಿಸಿದರೂ ಹೋಗುವುದಿಲ್ಲ. ವಾಸನೆಯಲ್ಲೂ ಯಾವಾಗಲೂ ಗೊತ್ತಾಗುವುದಿಲ್ಲ. ಹಬ್ಬಿನಲ್ಲಿ ಐಸು ಕರಗಿದ ಪೆಟ್ಟಿಗೆಗೆ ಯಾರೋ ಹೊಸ ಐಸು ತುಂಬಿ ಮುಂದೆ ಕಳಿಸಿದರೆ, ಮನೆಯಲ್ಲಿ ಪೆಟ್ಟಿಗೆ ತೆರೆದವರಿಗೆ ತಣ್ಣನೆಯ, ಚೆಂದದ ಮೀನೇ ಕಾಣುತ್ತದೆ. ತಲುಪಿದಾಗ ತಣ್ಣಗಿತ್ತು ಎಂಬುದು ದಾರಿಯುದ್ದಕ್ಕೂ ತಣ್ಣಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ.

ವ್ಯಾಕ್ಯೂಮ್ ಪ್ಯಾಕಿಂಗ್ ಬಗ್ಗೆಯೂ ಒಂದು ತಪ್ಪು ನಂಬಿಕೆ ಬೇರೂರಿದೆ. ಗಾಳಿ ತೆಗೆದರೆ ಕೆಡುವುದಿಲ್ಲ, ಹಾಗಾಗಿ ತಂಪು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ ಎಂದು ಮನೆಯಿಂದ ಮಾರುವ ಹಲವರು ತಿಳಿದಿದ್ದಾರೆ. ನಿಜ ಬೇರೆಯೇ ಇದೆ. ಗಾಳಿಯಿಲ್ಲದ ಜಾಗದಲ್ಲೇ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಮಾರಕ ವಿಷ ಮಾಡುತ್ತದೆ, ಅದರ ಕೆಲವು ಬಗೆಗಳು ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲವು. ಗಾಳಿ ಇದ್ದರೆ ಬೆಳೆದು ದುರ್ವಾಸನೆ ಬೀರಿ ಎಚ್ಚರಿಸುವ ಸೂಕ್ಷ್ಮಾಣುಗಳನ್ನು ನಾವೇ ತಡೆದಿರುತ್ತೇವೆ. ವ್ಯಾಕ್ಯೂಮ್ ಪ್ಯಾಕ್ ಮಾಡಿದ ಮೀನಿಗೆ ತಂಪು ಕಡಿಮೆಯಲ್ಲ, ಇನ್ನೂ ಕಟ್ಟುನಿಟ್ಟಾಗಿ ಬೇಕು.

ಕಾನೂನಿನ ಪ್ರಕಾರ ಹೊಣೆ ಯಾರದು?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಈ ವಿಷಯದಲ್ಲಿ ಮೂಕವಾಗಿಲ್ಲ. ಆಹಾರ ಉದ್ದಿಮೆ ಎಂಬ ವ್ಯಾಖ್ಯೆಯೊಳಗೆ ತಯಾರಿಕೆ, ಪ್ಯಾಕಿಂಗ್, ಸಂಗ್ರಹದ ಜೊತೆ ಸಾಗಣೆಯೂ ಇದೆ. 27ನೇ ಸೆಕ್ಷನ್ನು ತಯಾರಕರು, ವಿತರಕರು, ಮಾರಾಟಗಾರರು ಎಂದು ಹೊಣೆಯನ್ನು ಬೇರೆ ಬೇರೆ ಮಾಡುತ್ತದೆ. ತಯಾರಕರು ಕೊಟ್ಟ ಸುರಕ್ಷತಾ ಸೂಚನೆಗೆ ವಿರುದ್ಧವಾಗಿ ಇಟ್ಟರೆ ಅಥವಾ ಪೂರೈಸಿದರೆ ವಿತರಕರು ಹೊಣೆಯಾಗುತ್ತಾರೆ. ಹಾಗಾಗಿ ಲೇಬಲ್ಲಿನ ಮೇಲೆ "ಮೈನಸ್ 18 ಡಿಗ್ರಿಯಲ್ಲಿ ಇಡಿ" ಎಂದು ಅಚ್ಚಾಗಿರುವ ಸಾಲು ಅಲಂಕಾರಕ್ಕಲ್ಲ, ಮುಂದೆ ಬರುವ ಪ್ರತಿಯೊಬ್ಬರ ನಡವಳಿಕೆಯನ್ನು ಅಳೆಯುವ ಕೋಲು ಅದೇ.

ಕಾಗದದ ಮೇಲೆ ಸರಿ. ಪ್ರಶ್ನೆ ಏಳುವುದು ಸಾಕ್ಷಿಯಲ್ಲಿ. ಧಾರಾವಿಯ ಗೋದಾಮಿನಲ್ಲಿ ಅಧಿಕಾರಿ ಒಳಗೆ ಹೋಗಿ ಉಷ್ಣತೆ ನೋಡಬಲ್ಲ. ಮಂಗಳೂರಿನಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹೊರಟ ಪೆಟ್ಟಿಗೆ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಹಬ್ಬಿಗೆ ಹೋಗಿ, ಬೈಕಿನ ಮೇಲೆ ಕೂತು, ಕೊನೆಗೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರ ಮೇಜಿನ ಮೇಲೆ ಮೂರು ಗಂಟೆ ಕಾದರೆ, ಯಾವ ಗಂಟೆಯಲ್ಲಿ ಯಾರ ಕೈಯಲ್ಲಿ ತಂಪು ತಪ್ಪಿತು ಎಂದು ಹೇಳುವವರು ಯಾರು?

2024ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ರಾಜಸ್ಥಾನದಿಂದ ರೈಲಿನಲ್ಲಿ ಬಂದ 90 ಪೆಟ್ಟಿಗೆ ಮಾಂಸದ ಗಲಾಟೆ ಅನೇಕರಿಗೆ ನೆನಪಿರಬಹುದು. ಅದು ನಾಯಿ ಮಾಂಸ ಎಂಬ ಆರೋಪ ಹಬ್ಬಿತು, ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಕುರಿ ಮಾಂಸ ಎಂದು ಖಚಿತವಾಯಿತು. ಯಾವ ಪ್ರಾಣಿ ಎಂಬುದನ್ನು ಪ್ರಯೋಗಾಲಯ ಡಿಎನ್‌ಎ ನೋಡಿ ಹೇಳಬಲ್ಲದು. ಎರಡು ದಿನದ ದಾರಿಯಲ್ಲಿ ಅದು ಎಷ್ಟು ಗಂಟೆ ಎಷ್ಟು ಬಿಸಿಯಾಗಿತ್ತು ಎಂಬುದನ್ನು ಹೇಳುವ ದಾಖಲೆ ಪೆಟ್ಟಿಗೆಯೊಳಗೇ ಇರಬೇಕು. ತಿನ್ನುವವರ ಆರೋಗ್ಯಕ್ಕೆ ಈ ಎರಡನೆಯ ಪ್ರಶ್ನೆಯೇ ಮುಖ್ಯ. ಆ ದಿನಗಳ ಚರ್ಚೆಯ ಬಹುಪಾಲು ಮೊದಲನೆಯದರಲ್ಲೇ ಕಳೆದುಹೋಯಿತು.

ಇನ್ನು 45 ದಿನದ ಮಾತು. ಸೂಚನೆಯಲ್ಲಿರುವುದು "ಶೇ 30 ಅಥವಾ 45 ದಿನ". ಹತ್ತು ದಿನ ಬಾಳುವ ಪನೀರಿಗೆ ಅನ್ವಯಿಸಲು ಸಾಧ್ಯವಿರುವುದು ಶೇ 30 ಮಾತ್ರ: ಮನೆಗೆ ಬಂದಾಗ 3 ದಿನ ಉಳಿದಿರಬೇಕು. ಒಂದು ವರ್ಷ ಬಾಳುವ ಫ್ರೋಜನ್ ಬಟಾಣಿಗೆ 45 ದಿನದ ಲೆಕ್ಕ ಹೊಂದುತ್ತದೆ. ಇಲ್ಲಿ ಕಣ್ತಪ್ಪುವ ಸಂಗತಿ ಬೇರೊಂದಿದೆ. ಬಾಳಿಕೆಯ ದಿನಾಂಕ ಲೇಬಲ್ಲಿನ ಉಷ್ಣತೆಯಲ್ಲಿ ಇಟ್ಟಿದ್ದರೆ ಎಂಬ ಷರತ್ತಿನ ಮೇಲೆ ನಿಂತ ಭರವಸೆ. ದಾರಿಯಲ್ಲಿ ಆರು ಗಂಟೆ 25 ಡಿಗ್ರಿಯಲ್ಲಿದ್ದ ಪನೀರಿಗೆ ಇನ್ನೂ 3 ದಿನ ಇದೆ ಎಂದು ಮುದ್ರೆ ಹೇಳುತ್ತಿದ್ದರೆ ಆ ಮಾತಿಗೆ ಬೆಲೆಯಿಲ್ಲ. ದಿನಾಂಕವನ್ನು ಬಿಗಿ ಮಾಡಿ ದಾರಿಯನ್ನು ಬಿಟ್ಟರೆ ನಿಯಮ ಅರ್ಧವೇ ಆಗುತ್ತದೆ.

ಯಾರ ವಾದ ಏನು?

ಸಣ್ಣ ಮಾರಾಟಗಾರರು ಹೇಳುವುದು: ನಾವು ಕಟ್ಟುವ ತನಕ ಎಲ್ಲ ಸರಿ ಇರುತ್ತದೆ, ಕೈಬಿಟ್ಟ ಮೇಲೆ ನಮ್ಮ ಹಿಡಿತದಲ್ಲಿ ಏನೂ ಇಲ್ಲ, ಆದರೂ ದುಡ್ಡು ವಾಪಸು ಕೊಡಬೇಕಾದವರು ನಾವೇ. ಇದರಲ್ಲಿ ನೋವಿದೆ, ನಿಜವೂ ಇದೆ. ಬಟ್ಟೆ, ಚಪ್ಪಲಿ ಮಾರುವವರಿಗೆ ವಾಪಸು ಬಂದ ಸರಕು ಮತ್ತೆ ಮಾರಲು ಸಿಗುತ್ತದೆ. ಗಿರಾಕಿ ಬಾಗಿಲು ತೆರೆಯದೆ ತಿರುಗಿ ಬಂದ ಮೀನಿನ ಪೆಟ್ಟಿಗೆಯನ್ನು ಗುಂಡಿಗೆ ಹಾಕುವುದೊಂದೇ ದಾರಿ.

ಕೊರಿಯರ್ ಕಂಪನಿಗಳ ನಿಲುವು: ನಾವು ಸಾಗಿಸುವುದು ಪೆಟ್ಟಿಗೆಯನ್ನು, ಅದರೊಳಗಿನ ಉಷ್ಣತೆಯನ್ನಲ್ಲ. ಬೇಗ ಕೆಡುವ ವಸ್ತುಗಳಿಗೆ ಪರಿಹಾರ ಇಲ್ಲವೆಂದು ಬಹುತೇಕ ಕಂಪನಿಗಳು ನಿಯಮಗಳಲ್ಲೇ ಬರೆದಿಟ್ಟಿರುತ್ತವೆ. ಸಾಮಾನ್ಯ ದರ ತೆಗೆದುಕೊಂಡು ಶೀತಲ ಲಾರಿಯ ಸೇವೆ ಕೊಡಲಾಗದು ಎಂಬುದು ಒಪ್ಪತಕ್ಕ ಮಾತೇ. ಆದರೆ ಒಳಗಿರುವುದು ಮೀನು ಎಂದು ಗೊತ್ತಿದ್ದೂ ಬುಕ್ ಮಾಡಿಕೊಂಡು, ಆಮೇಲೆ ಗೊತ್ತಿಲ್ಲದವರಂತೆ ಇರುವುದನ್ನು ಒಪ್ಪುವುದು ಕಷ್ಟ.

ಆನ್‌ಲೈನ್ ವೇದಿಕೆಗಳು ತಾವು ನಡುವಿನವರು ಮಾತ್ರ ಎನ್ನುತ್ತವೆ. ಆದರೆ ಕೊನೆಯ ಹಂತದ ವಿತರಣೆ ತರಬೇತಿ ಪಡೆದವರಿಂದಲೇ ಆಗಬೇಕು, ಅಲ್ಲಿ ಆಹಾರದ ಸುರಕ್ಷತೆ ಕೆಡಬಾರದು ಎಂದು ಎಫ್‌ಎಸ್‌ಎಸ್‌ಎಐ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆ ಸಾಲನ್ನು ಹೇಗೆ ಪರಿಶೀಲಿಸುವುದು ಎಂಬುದಷ್ಟೇ ಬಾಕಿ.

ಗ್ರಾಹಕರ ಬೇಡಿಕೆಯಲ್ಲೂ ಒಂದು ಸಿಕ್ಕಿದೆ. ಡೆಲಿವರಿ ಉಚಿತವಾಗಿರಬೇಕು, ಕ್ಯಾಶ್ ಆನ್ ಡೆಲಿವರಿ ಇರಬೇಕು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಗೇಟಿನಲ್ಲಿ ಬಿಟ್ಟು ಹೋಗಬೇಕು. ಇವು ಮೂರೂ ಪುಸ್ತಕಕ್ಕೆ ಸರಿ. ಮೇಲಿನ ಐಸಿನ ಲೆಕ್ಕ ನೋಡಿದವರಿಗೆ ಮೀನಿಗೆ ಇವು ಯಾಕೆ ಒಗ್ಗುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಥರ್ಮೋಕೋಲ್ ನಿಷೇಧವಾಗಿಲ್ಲವೇ?

2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗಳ ಪಟ್ಟಿಯಲ್ಲಿರುವುದು ಅಲಂಕಾರಕ್ಕೆ ಬಳಸುವ ಥರ್ಮೋಕೋಲ್. ಕರ್ನಾಟಕದ 2016ರ ಆದೇಶ ತಟ್ಟೆ, ಲೋಟ, ಚಮಚ ಮೊದಲಾದವನ್ನು, ಥರ್ಮೋಕೋಲಿನಿಂದ ಮಾಡಿದವೂ ಸೇರಿ, ನಿಷೇಧಿಸಿತು. ಮೀನಿನ ಪೆಟ್ಟಿಗೆ ಈ ಎರಡರ ಹೆಸರಿಸಿದ ಪಟ್ಟಿಯಲ್ಲಿ ಇಲ್ಲ. ಆದರೂ ಮನೆಗೆ ಬಂದ ಪೆಟ್ಟಿಗೆ ಕಸದವರಿಗೆ ತಲೆನೋವು. ಹಗುರ, ಜಾಗ ತಿನ್ನುತ್ತದೆ, ಗುಜರಿಯವರಿಗೆ ಬೇಡ.

ಇಲ್ಲೇ ಒಂದು ಹಳೆಯ ವ್ಯವಸ್ಥೆಯ ಕಡೆ ನೋಡುವುದು ಒಳ್ಳೆಯದು. ಕರ್ನಾಟಕದ ಮನೆಮನೆಗೆ ದಿನವೂ ತಲುಪುವ ಅತಿ ದೊಡ್ಡ ಶೀತಲ ಪದಾರ್ಥ ಹಾಲು. ನಂದಿನಿ ಪೊಟ್ಟಣಕ್ಕೆ ಥರ್ಮೋಕೋಲೂ ಇಲ್ಲ, ಜೆಲ್ ಪ್ಯಾಕೂ ಇಲ್ಲ. ಡೇರಿಯಲ್ಲಿ ಚೆನ್ನಾಗಿ ತಣಿಸಿ, ರಾತ್ರಿಯ ತಂಪಿನಲ್ಲಿ ವಾಹನ ಹೊರಟು, ಬೆಳಕು ಹರಿಯುವ ಮುಂಚೆ ಬೂತಿಗೆ ಇಳಿದು, ಬಿಸಿಲೇರುವ ಮೊದಲು ಮನೆ ಸೇರುತ್ತದೆ. ಪ್ಲಾಸ್ಟಿಕ್ ಕ್ರೇಟು ಅದೇ ಗಾಡಿಯಲ್ಲಿ ವಾಪಸು. ಐಸು ಮಾಡಬೇಕಾದ ಕೆಲಸವನ್ನು ಅಲ್ಲಿ ಗಡಿಯಾರ ಮಾಡುತ್ತದೆ. ಒಂದೊಂದೇ ಪೆಟ್ಟಿಗೆಯನ್ನು 48 ಗಂಟೆ ಕಾಯುವ ಬದಲು, ಒಂದು ಬಡಾವಣೆಯ ಆರ್ಡರುಗಳನ್ನು ಒಟ್ಟು ಮಾಡಿ ವಾರಕ್ಕೆರಡು ದಿನ ಬೆಳಗಿನ ಜಾವ ಹಂಚುವ ಮಾರಾಟಗಾರರು ಈ ದಾರಿಯನ್ನೇ ಹಿಡಿದಿದ್ದಾರೆ. ಪೆಟ್ಟಿಗೆಯೂ ವಾಪಸಾಗುತ್ತದೆ.

ಮುಂದೆ ಏನಾಗಬಹುದು?

ಈಗಿನ ಸ್ಥಿತಿ ಹೀಗೇ ಮುಂದುವರಿದರೆ ಲಾಭ ಸ್ವಂತ ಗೋದಾಮು, ಸ್ವಂತ ಶೀತಲ ವಾಹನ ಇರುವ ದೊಡ್ಡ ಕಂಪನಿಗಳಿಗೆ. ತೆರಿಗೆ ಇಳಿಕೆಯಿಂದ ಬೇಡಿಕೆ ಹೆಚ್ಚಿದಷ್ಟೂ ಅವರ ಖರ್ಚು ಹಂಚಿಹೋಗುತ್ತದೆ. ಕೊರಿಯರನ್ನು ನಂಬಿದ ಸಣ್ಣವರು ಎರಡರಲ್ಲಿ ಒಂದನ್ನು ಆರಿಸಬೇಕು: ವ್ಯಾಪ್ತಿ ಕಿರಿದು ಮಾಡುವುದು, ಇಲ್ಲವೇ ಐಸು ಕಡಿಮೆ ಮಾಡಿ ಅದೃಷ್ಟಕ್ಕೆ ಬಿಡುವುದು. ಎರಡನೆಯದನ್ನು ಆರಿಸಿದವರ ಪೆಟ್ಟಿಗೆ ಹತ್ತರಲ್ಲಿ ಒಂಬತ್ತು ಸಲ ಚೆನ್ನಾಗಿಯೇ ತಲುಪೀತು. ಹತ್ತನೆಯದರ ಬೆಲೆ ತಿಂದವರು ಕೊಡುತ್ತಾರೆ.

ಮಳೆಗಾಲ ಈ ಅಂತರವನ್ನು ಇನ್ನೂ ದೊಡ್ಡದು ಮಾಡುತ್ತದೆ. 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಾಗ ಕರಾವಳಿ–ಬೆಂಗಳೂರಿನ ನಡುವಿನ ರಾತ್ರಿಯ ದಾರಿ ಗಂಟೆಗಟ್ಟಲೆ ಉದ್ದವಾಯಿತು. 12 ಗಂಟೆ ತಾಳಲೆಂದು ಐಸು ಹಾಕಿದ ಪೆಟ್ಟಿಗೆಗೆ ಇದನ್ನು ತಾಳುವ ಶಕ್ತಿ ಇರುವುದಿಲ್ಲ.

ಪರಿಹಾರ ದೂರದಲ್ಲೇನೂ ಇಲ್ಲ. ಪೋಲಿಯೊ ಹನಿಯ ಸೀಸೆಯ ಮೇಲೆ ವೃತ್ತದೊಳಗೊಂದು ಚೌಕದ ಗುರುತು ಇರುತ್ತದೆ. ಸೀಸೆ ಬಿಸಿಗೆ ಸಿಕ್ಕಷ್ಟೂ ಚೌಕದ ಬಣ್ಣ ಗಾಢವಾಗುತ್ತ ಹೋಗುತ್ತದೆ, ವೃತ್ತದಷ್ಟೇ ಗಾಢವಾದರೆ ಆರೋಗ್ಯ ಕಾರ್ಯಕರ್ತೆ ಆ ಸೀಸೆಯನ್ನು ಬಳಸುವುದಿಲ್ಲ. ದಶಕಗಳಿಂದ ನಮ್ಮ ಹಳ್ಳಿಹಳ್ಳಿಗಳಲ್ಲಿ ನಡೆದ ಪದ್ಧತಿ ಇದು, ಓದು ಬಾರದವರಿಗೂ ಅರ್ಥವಾಗುವಂಥದ್ದು. ಇದೇ ತತ್ವದ ಚೀಟಿಗಳು ಆಹಾರಕ್ಕೂ ಇವೆ. ಸಮಯ ಮತ್ತು ಉಷ್ಣತೆ ಎರಡನ್ನೂ ಕೂಡಿ ಬಣ್ಣದಲ್ಲಿ ತೋರಿಸುತ್ತವೆ. ಕನಿಷ್ಠ ಮೀನು, ಮಾಂಸ, ವ್ಯಾಕ್ಯೂಮ್ ಪ್ಯಾಕ್ ಮಾಡಿದ ಪದಾರ್ಥಗಳಿಗೆ ಇಂಥ ಚೀಟಿ ಕಡ್ಡಾಯವಾದರೆ ಜಗಳದ ಸ್ವರೂಪವೇ ಬದಲಾಗುತ್ತದೆ. ಪೆಟ್ಟಿಗೆ ತೆಗೆದುಕೊಳ್ಳುವಾಗ ಕೊರಿಯರಿನವರು ಬಣ್ಣ ನೋಡುತ್ತಾರೆ, ಕೊಡುವಾಗ ಗಿರಾಕಿ ನೋಡುತ್ತಾರೆ. ನಡುವೆ ಬಣ್ಣ ಬದಲಾಗಿದ್ದರೆ ಕೇಳಬೇಕಾದವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ, 27ನೇ ಸೆಕ್ಷನ್ನಿಗೆ ಬೇಕಾದ ಸಾಕ್ಷಿಯೂ ಸಿಗುತ್ತದೆ.

ಚೀಟಿಯ ಖರ್ಚಿನ ಪ್ರಶ್ನೆ ಬರುತ್ತದೆ, ಬರಲಿ. ಪನೀರಿನ ತೆರಿಗೆ ಬಿಟ್ಟುಕೊಟ್ಟ ಸರ್ಕಾರ ಪನೀರನ್ನು ತಣ್ಣಗಿಡುವ ವಸ್ತುಗಳ ಮೇಲಿನ ಶೇ 18ನ್ನು ಇಳಿಸಿದರೆ ಆ ಖರ್ಚಿಗೆ ಜಾಗ ಸಿಗುತ್ತದೆ. ಅಲ್ಲಿಯವರೆಗೆ ಸರ್ಕಾರದ ಆದೇಶಕ್ಕೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಪೆಟ್ಟಿಗೆಯ ಹೊರಮೈಯಲ್ಲಿ, ವಿಳಾಸದ ಪಕ್ಕದಲ್ಲೇ, ಕಟ್ಟಿದ ಹೊತ್ತು ಮತ್ತು ಎಷ್ಟು ಗಂಟೆ ತಾಳುವಷ್ಟು ಐಸು ಹಾಕಿದೆ ಎಂಬ ಎರಡು ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಬರೆಯುವುದು. "ಸೋಮವಾರ ರಾತ್ರಿ 8ಕ್ಕೆ ಕಟ್ಟಿದೆ, 18 ಗಂಟೆ ತಾಳುತ್ತದೆ" ಎಂದು ಬರೆದ ಪೆಟ್ಟಿಗೆ ಮಂಗಳವಾರ ಸಂಜೆ 5ಕ್ಕೆ ಬಾಗಿಲಿಗೆ ಬಂದರೆ, ಒಳಗಿನ ಬಂಗುಡೆ ಎಷ್ಟೇ ತಾಜಾ ಕಂಡರೂ ಮನೆಯವರು ಅದನ್ನು ಪಡೆಯದೆ ವಾಪಸು ಕಳಿಸಬಹುದು.